ಇಂಗ್ಲೆಂಡಿನಲ್ಲಿ ಬಸುರಿಯರಿಗೆ ಲಸಿಕೆ: ಯಾವುದು, ಯಾವಾಗ, ಹೇಗೆ ತೀರ್ಮಾನಿಸುವುದು

ಊರಲ್ಲಿ ತಾಯಿ ಕಾರ್ಡ್ ಮಾಡಿಸಿದ ಮೇಲೆ ನರ್ಸಮ್ಮ "ಇವತ್ತು ಇಂಜೆಕ್ಷನ್ ಇದೆ ಬಾಮ್ಮ" ಅನ್ನುತ್ತಾರೆ, ತೋಳು ಕೊಡುತ್ತೇವೆ, ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನಲ್ಲಿ ಬಸಿರು, ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್ ಒಂದು ಕರಪತ್ರ ಕೊಟ್ಟು, "ಓದಿ ನೋಡಿ, ಹಾಕಿಸಿಕೊಳ್ಳಲು ನಿಮಗೆ ಒಪ್ಪಿಗೆಯೇ?" ಎಂದು ಕೇಳುತ್ತಾರೆ. ಇಷ್ಟು ಮೆತ್ತಗೆ ಕೇಳಿದ್ದಕ್ಕೇ ನಮ್ಮ ಹೆಣ್ಣುಮಕ್ಕಳಲ್ಲಿ ಹಲವರಿಗೆ ಅನುಮಾನ ಹುಟ್ಟುತ್ತದೆ: ಇದು ಅಷ್ಟೇನೂ ಮುಖ್ಯವಲ್ಲವೇನೋ, ಇವರಿಗೇ ಇದರ ಮೇಲೆ ಭರವಸೆ ಇಲ್ಲವೇನೋ.

ಹಾಗೇನೂ ಇಲ್ಲ. ಇಲ್ಲಿನ ಕಾನೂನಿನಲ್ಲಿ ರೋಗಿಯ ಒಪ್ಪಿಗೆ ಇಲ್ಲದೆ ಯಾವ ಚಿಕಿತ್ಸೆಯೂ ಇಲ್ಲ. ಬಸುರಿಗೆ ಅಪಾಯಗಳನ್ನೂ ಬೇರೆ ದಾರಿಗಳನ್ನೂ ತಿಳಿಸಿಯೇ ಮುಂದುವರಿಯಬೇಕು ಎಂಬುದನ್ನು 2015ರ ಮಾಂಟ್‌ಗೊಮೆರಿ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇನ್ನಷ್ಟು ಬಿಗಿ ಮಾಡಿತು. ಕೇಳುವ ದನಿ ಮೃದುವಾದರೂ ಅದರ ಹಿಂದಿರುವುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಖಚಿತ ಶಿಫಾರಸು. ಬೇಡ ಅನ್ನುವ ಹಕ್ಕು ನಿಮಗಿದೆ, ಬೇಡ ಅಂದರೆ ಆರೈಕೆ ನಿಲ್ಲುವುದಿಲ್ಲ. ಆದರೆ ಒತ್ತಾಯವಿಲ್ಲ ಎಂಬ ಒಂದೇ ಕಾರಣಕ್ಕೆ ಬಿಟ್ಟುಬಿಡಬೇಡಿ.

ಬಸಿರಿನಲ್ಲಿ ಕೊಡುವುದು ನಾಯಿಕೆಮ್ಮು, ಆರ್‌ಎಸ್‌ವಿ, ಫ್ಲೂ ಎಂಬ ಮೂರು ಲಸಿಕೆಗಳನ್ನು. ಅವುಗಳಲ್ಲಿ ನಾನು ಮೊದಲು ಹೇಳುವುದು ನಾಯಿಕೆಮ್ಮಿನದು. ಇಲ್ಲಿ ಹುಟ್ಟಿದ ಮಗುವಿಗೆ ನಾಯಿಕೆಮ್ಮಿನ ಮೊದಲ ಲಸಿಕೆ ಬೀಳುವುದು 8 ವಾರಕ್ಕೆ. ನಾಯಿಕೆಮ್ಮು ಕೂಸುಗಳ ಜೀವ ತೆಗೆಯುವುದು ಹೆಚ್ಚಾಗಿ ಆ 8 ವಾರಗಳ ಆಸುಪಾಸಿನಲ್ಲೇ. ಅಷ್ಟು ಎಳೆಯ ಮಗು ಕೆಲವೊಮ್ಮೆ ಕೆಮ್ಮುವುದೂ ಇಲ್ಲ, ಉಸಿರು ನಿಲ್ಲಿಸಿ ನೀಲಿಗಟ್ಟುತ್ತದೆ. ತಾಯಿಗೆ ಬಸಿರಲ್ಲೇ ಲಸಿಕೆ ಕೊಟ್ಟರೆ ಅವಳ ದೇಹದಲ್ಲಿ ಹುಟ್ಟುವ, ರೋಗವನ್ನು ಎದುರಿಸುವ ಪ್ರತಿಕಾಯಗಳು ಮಾಸುಚೀಲದ ಮೂಲಕ ಮಗುವಿಗೆ ದಾಟಿ ಈ ವಾರಗಳನ್ನು ಕಾಯುತ್ತವೆ. 2012ರಲ್ಲಿ ನಾಯಿಕೆಮ್ಮು ಹರಡಿ ಆ ವರ್ಷ 14 ಶಿಶುಗಳು ತೀರಿಕೊಂಡವು, ಅದೇ ವರ್ಷದ ಅಕ್ಟೋಬರಿನಲ್ಲಿ ಬಸುರಿಯರಿಗೆ ಲಸಿಕೆ ಶುರುವಾಯಿತು. 2024ರಲ್ಲಿ ರೋಗ ಮತ್ತೆ ಏರಿದಾಗ ಇಂಗ್ಲೆಂಡಿನಲ್ಲಿ 11 ಶಿಶುಗಳು ಸತ್ತವು. ಹಳೆಯ ಕಾಲದ ಕಾಯಿಲೆ ಅಂದುಕೊಳ್ಳುವ ಹಾಗಿಲ್ಲ.

ಇದನ್ನು 16 ವಾರ ತುಂಬಿದ ಮೇಲೆ ಕೊಡುತ್ತಾರೆ, 32ರೊಳಗೆ ಆದರೆ ಉತ್ತಮ. ತಡವಾದರೂ ಕೊಡುತ್ತಾರೆ, ಆದರೆ ಮಗುವಿಗೆ ದಾಟಲು ಸಿಗುವ ಸಮಯ ಕಡಿಮೆ. ಪ್ರತಿಕಾಯಗಳು ಇಳಿಯುತ್ತಾ ಹೋಗುವುದರಿಂದ ಪ್ರತಿ ಬಸಿರಿಗೂ ಹೊಸದಾಗಿ ಬೇಕು. ಮೊದಲ ಮಗುವಿನಲ್ಲಿ ಹಾಕಿಸಿದ್ದು ಎರಡನೆಯದಕ್ಕೆ ಆಗುವುದಿಲ್ಲ.

"ನಮ್ಮ ಕಾಲದಲ್ಲಿ ಟಿಟಿ ಒಂದೇ ಇದ್ದದ್ದು" ಎಂದು ಅಮ್ಮನೋ ಅತ್ತೆಯೋ ಫೋನಿನಲ್ಲಿ ಹೇಳುವುದು ನಿಜವೇ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಟಿಯ ಜಾಗಕ್ಕೆ ಈಗ ಟಿಡಿ ಬಂದಿದೆ. ಅದರಲ್ಲಿ ಧನುರ್ವಾಯು, ಗಂಟಲಮಾರಿ ಎರಡಕ್ಕೂ ರಕ್ಷಣೆ ಇದೆ, ನಾಯಿಕೆಮ್ಮಿಗೆ ಇಲ್ಲ. ಇಲ್ಲಿ ನಾಯಿಕೆಮ್ಮಿಗೆಂದು ಕೊಡುವ ಟಿಡ್ಯಾಪ್ ಲಸಿಕೆಯಲ್ಲಿ ಮೂರೂ ಇವೆ, ಹಾಗಾಗಿ ಬೇರೆ ಟಿಟಿ ಯಾಕೆ ಕೊಡಲಿಲ್ಲ ಎಂದು ಗಾಬರಿಯಾಗಬೇಕಿಲ್ಲ.

ಎರಡನೆಯದು ಆರ್‌ಎಸ್‌ವಿ. ದೊಡ್ಡವರಿಗೆ ಬರೀ ನೆಗಡಿಯಾಗಿ ಹೋಗುವ ಈ ವೈರಸ್ ಎಳೆಗೂಸಿನ ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ 2024ರ ಸೆಪ್ಟೆಂಬರ್ 1ರಿಂದ 28 ವಾರ ತುಂಬಿದವರಿಗೆ ಈ ಲಸಿಕೆ ಸಿಗುತ್ತಿದೆ. ಹೊಸದಾದ್ದರಿಂದ ಹೆಚ್ಚಿನ ಪ್ರಶ್ನೆಗಳು ಇದರ ಬಗ್ಗೆಯೇ, ಅವು ನ್ಯಾಯವಾದವೂ ಹೌದು. ಸುಮಾರು 7,400 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ ಅವರ ಕೂಸುಗಳಿಗೆ ತೀವ್ರ ಆರ್‌ಎಸ್‌ವಿ ಕಾಯಿಲೆ ಬರುವುದು ಹುಟ್ಟಿದ ಮೊದಲ 3 ತಿಂಗಳಲ್ಲಿ ಶೇ 82ರಷ್ಟು, 6 ತಿಂಗಳಲ್ಲಿ ಶೇ 69ರಷ್ಟು ತಗ್ಗಿತು. ಅದೇ ಪ್ರಯೋಗದಲ್ಲಿ ಅವಧಿಗೆ ಮುಂಚಿನ ಹೆರಿಗೆ ಲಸಿಕೆ ಪಡೆದವರಲ್ಲಿ ಶೇ 5.7, ಪಡೆಯದವರಲ್ಲಿ ಶೇ 4.7. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು, ಆದರೂ 28 ವಾರಕ್ಕಿಂತ ಮೊದಲು ಇಲ್ಲಿ ಕೊಡುವುದಿಲ್ಲ. ನಿಮಗೆ ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿದ್ದರೆ ಈ ಅಂಕಿಗಳನ್ನು ಮಿಡ್‌ವೈಫ್ ಮುಂದಿಟ್ಟು ಕೇಳಿ. ಉತ್ತರಿಸುವುದು ಅವರ ಕೆಲಸ, ಕೇಳಲು ಸಂಕೋಚ ಬೇಡ.

ಅದೇ 28ನೇ ವಾರದ ಹೊತ್ತಿಗೆ ನೆಗೆಟಿವ್ ರಕ್ತದ ಗುಂಪಿನವರಿಗೆ ಆಂಟಿ-ಡಿ ಚುಚ್ಚುಮದ್ದೂ ಬರುತ್ತದೆ. ಅದು ಲಸಿಕೆಯಲ್ಲ, ಉದ್ದೇಶವೇ ಬೇರೆ: ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ಪ್ರತಿಕಾಯ ಮಾಡದಂತೆ ತಡೆಯುವುದು. ಎರಡನ್ನೂ ಒಂದೇ ಅಂದುಕೊಂಡು ಒಂದನ್ನು ಬಿಡಬೇಡಿ.

ಫ್ಲೂ ಲಸಿಕೆ ಸೆಪ್ಟೆಂಬರಿನಿಂದ ಚಳಿಗಾಲದುದ್ದಕ್ಕೂ, ಯಾವ ತಿಂಗಳ ಬಸುರಿಗಾದರೂ ಸಿಗುತ್ತದೆ. ಸಸ್ಯಾಹಾರಿ ಮನೆಗಳವರು ಜೆಲಟಿನ್ ಬಗ್ಗೆ ಕೇಳುತ್ತಾರೆ. ಹಂದಿಯ ಜೆಲಟಿನ್ ಇರುವುದು ಮಕ್ಕಳ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ. ಅದು ಜೀವಂತ ಲಸಿಕೆಯಾದ್ದರಿಂದ ಬಸುರಿಯರಿಗೆ ಹೇಗೂ ಕೊಡುವುದಿಲ್ಲ. ಮೊಟ್ಟೆ ಬಳಸದೆ ತಯಾರಿಸಿದ ಇಂಜೆಕ್ಷನ್ ಕೂಡ ಇದೆ, ಮುಂಚೆಯೇ ಕೇಳಿಡಿ. ಕೋವಿಡ್ ಲಸಿಕೆ 2025ರ ಶರತ್ಕಾಲದಿಂದ ಎಲ್ಲ ಬಸುರಿಯರಿಗೂ ಕೊಡುವ ಪಟ್ಟಿಯಲ್ಲಿಲ್ಲ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಮಾತ್ರ. ದಡಾರ, ಮಂಗನಬಾವು, ರುಬೆಲ್ಲಾಗಳ ಎಂಎಂಆರ್ ಲಸಿಕೆ ಬಸಿರಿನಲ್ಲಿ ಬೇಡ. ಚಿಕ್ಕಂದಿನಲ್ಲಿ ಹಾಕಿಸಿದ ದಾಖಲೆ ಇಲ್ಲದಿದ್ದರೆ ಹೆರಿಗೆಯ ನಂತರ ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರ ಹತ್ತಿರ ಹಾಕಿಸಿಕೊಳ್ಳಿ.

ಅಡ್ಡಪರಿಣಾಮದ ಮಾತು. ತೋಳು ನೋವು, ಸುಸ್ತು, ಒಂದೆರಡು ದಿನ ಮೈ ಬಿಸಿ ಸಾಮಾನ್ಯ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ತೀವ್ರ ಅಲರ್ಜಿ ಅತಿ ವಿರಳ, ಅದನ್ನು ನಿಭಾಯಿಸುವ ಔಷಧ ಅಲ್ಲೇ ಇರುತ್ತದೆ. ನಾಯಿಕೆಮ್ಮಿನ ಲಸಿಕೆ ಪಡೆದ ಸುಮಾರು 20,000 ಬಸುರಿಯರ ದಾಖಲೆಗಳನ್ನು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯವರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಸಂಭವ ಹೆಚ್ಚಿದ್ದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ನಾನಂತೂ ಈ ಅಧ್ಯಯನವನ್ನೂ ಆ 11 ಕೂಸುಗಳನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ, ತೂಕ ಯಾವ ಕಡೆಗೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಎಲ್ಲಿ ಹಾಕುತ್ತಾರೆ ಎಂಬುದು ಊರಿಂದೂರಿಗೆ ಬೇರೆ. ಕೆಲವು ಕಡೆ ಆಸ್ಪತ್ರೆಯ ಬಸುರಿಯರ ಕ್ಲಿನಿಕ್ಕಿನಲ್ಲಿ, ಕೆಲವು ಕಡೆ ಜಿಪಿ ಸರ್ಜರಿಯಲ್ಲಿ. ಫ್ಲೂ ಆದರೆ ಫಾರ್ಮಸಿಯಲ್ಲೂ ಆಗುತ್ತದೆ. ಜಿಪಿಯವರು ಆಸ್ಪತ್ರೆ ಕರೆಯುತ್ತದೆ ಅಂದುಕೊಂಡು, ಆಸ್ಪತ್ರೆಯವರು ಜಿಪಿ ಕರೆಯುತ್ತಾರೆ ಅಂದುಕೊಂಡು ದಿನ ಕಳೆದುಹೋಗುವುದುಂಟು. 16ನೇ ವಾರಕ್ಕೂ 28ನೇ ವಾರಕ್ಕೂ ಕರೆ ಬರದಿದ್ದರೆ ನೀವೇ ಫೋನ್ ಮಾಡಿ. ವೀಸಾ ಅರ್ಜಿಯಲ್ಲಿ ಆರೋಗ್ಯ ಶುಲ್ಕ ಕಟ್ಟಿ ಬಂದವರಿಗೆ ಇದಕ್ಕೆ ಬೇರೆ ಹಣವಿಲ್ಲ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಹೇಳಿಡಿ, ಫೋನಿನಲ್ಲಾದರೂ ಏರ್ಪಾಡು ಮಾಡುತ್ತಾರೆ. ಗಂಡನೇ ಎಲ್ಲಕ್ಕೂ ದುಭಾಷಿಯಾದರೆ ಕೆಲವು ಪ್ರಶ್ನೆಗಳು ಬಾಯಲ್ಲೇ ಉಳಿಯುತ್ತವೆ.

ಹೆರಿಗೆಗೆ ತವರಿಗೆ ಹೋಗುವವರು ವಾರಗಳ ಲೆಕ್ಕ ಮುಂಚೆಯೇ ಹಾಕಬೇಕು. 28 ವಾರ ದಾಟಿದರೆ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ವೈದ್ಯರ ಪತ್ರ ಕೇಳುತ್ತವೆ, ಆರ್‌ಎಸ್‌ವಿ ಲಸಿಕೆ ಸಿಗುವುದೂ ಆಗಲೇ. 28 ತುಂಬಿದ ವಾರವೇ ಲಸಿಕೆಯನ್ನೂ ಪತ್ರವನ್ನೂ ಮುಗಿಸಿಕೊಂಡು ಹೊರಡುವಂತೆ ಟಿಕೆಟ್ ಮಾಡಿಸಿ. ನಾಯಿಕೆಮ್ಮಿನದು ಅಷ್ಟರೊಳಗೆ ಆಗಿರಲಿ. ದಾಖಲೆಗಳ ಪ್ರತಿ ಜೊತೆಗಿರಲಿ, ಅಲ್ಲಿನ ಡಾಕ್ಟರಿಗೆ ಬೇಕಾಗುತ್ತದೆ. ಬಾಣಂತನಕ್ಕೆ ಅಮ್ಮನೇ ಇಲ್ಲಿಗೆ ಬರುವುದಾದರೆ, ಹೊರಡುವ ಮುಂಚೆ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಟಿಡ್ಯಾಪ್ ಹಾಕಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಲಿ.

ಇನ್ನು ಮಗುವಿಗೆ ಹಾಕುವ ಕ್ಷಯದ ಲಸಿಕೆ, ಬಿಸಿಜಿ. ಇಂಗ್ಲೆಂಡಿನಲ್ಲಿ ಇದು ಎಲ್ಲ ಮಕ್ಕಳಿಗೂ ಇಲ್ಲ, ಆದರೆ ತಂದೆತಾಯಿ ಅಥವಾ ಅಜ್ಜಅಜ್ಜಿಯಲ್ಲಿ ಒಬ್ಬರು ಭಾರತದಂಥ ಕ್ಷಯ ಹೆಚ್ಚಿರುವ ದೇಶದಲ್ಲಿ ಹುಟ್ಟಿದ್ದರೂ ಮಗುವಿಗೆ ಸಿಗುತ್ತದೆ. ನಮ್ಮಲ್ಲಿನ ಹಾಗೆ ಹುಟ್ಟಿದ ದಿನವೇ ಹಾಕುವುದಿಲ್ಲ. ರೋಗನಿರೋಧಕ ಶಕ್ತಿಯ ದೋಷಕ್ಕಾಗಿ ಮಾಡುವ ಹಿಮ್ಮಡಿಯ ರಕ್ತಪರೀಕ್ಷೆಯ ಫಲಿತಾಂಶ ನೋಡಿ, ಸುಮಾರು 28 ದಿನದ ಹೊತ್ತಿಗೆ ಕರೆಯುತ್ತಾರೆ. ಮನೆಯವರ ಹುಟ್ಟಿದ ದೇಶವನ್ನು ಬಸಿರಿನಲ್ಲೇ ಮಿಡ್‌ವೈಫ್ ದಾಖಲೆಯಲ್ಲಿ ಬರೆಸಿಡಿ, ಆಗ ಮಗುವಿನ ಹೆಸರು ಬಿಸಿಜಿ ಪಟ್ಟಿಯಿಂದ ತಪ್ಪಿಹೋಗುವುದಿಲ್ಲ.