ಅಟ್ಟದಲ್ಲಿ ಫೋನ್, ಜಗಲಿಯಲ್ಲಿ ಟಿವಿ, ನಡುವೆ 15 ಮೀಟರ್ ಕೇಬಲ್

ಅಟ್ಟದಲ್ಲಿರುವ ಫೋನಿನ ಚಿತ್ರವನ್ನು ಕೇಬಲ್ಲಿನಲ್ಲೇ ಕೆಳಗಿನ ಹಳೇ ಟಿವಿಗೆ ಇಳಿಸುತ್ತೇನೆ ಅಂದಾಗ "ಆಗಲ್ಲ ಮಾರಾಯ, ಸುಮ್ನೆ ದುಡ್ಡು ಹಾಳು" ಅಂತ ನನಗೆ ಹೇಳಿದವರು ಒಟ್ಟು ಐದು ಜನ. ಇಬ್ಬರು ನನ್ನ ಹಾಗೇ ಡಿಶ್, ಸಿಸಿ ಕ್ಯಾಮೆರಾ ಕೆಲಸ ಮಾಡುವವರು. ಒಬ್ಬ ಮೊಬೈಲ್ ಅಂಗಡಿಯವನು. ಒಬ್ಬರು ಬೆಂಗಳೂರಿನ ಭಾವ. ಐದನೆಯವಳು ನನ್ನ ಹೆಂಡತಿ. ಈಗ ಒಂದು ಮಳೆಗಾಲ ಪೂರ್ತಿ ಓಡಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಸಾಗರದಿಂದ ಒಳಗೆ, ಕಾಡಿನ ಪಕ್ಕ. ಜೂನ್ ಬಂತೆಂದರೆ ಡಿಶ್ ಕತೆ ನಿಮಗೆ ಗೊತ್ತೇ ಇದೆ. ಜೋರು ಮಳೆಗೆ ಪರದೆ ನೀಲಿ. ಫೈಬರ್ ನಮ್ಮ ಕಡೆ ಇನ್ನೂ ಬಂದಿಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಕಡೆ, ಅಟ್ಟದ ಪೂರ್ವದ ಕಿಟಕಿಯಲ್ಲಿ. ಅಲ್ಲಿ ಫೋನ್ ಇಟ್ಟರೆ ಮೂರು ಕಡ್ಡಿ. ಒಂದು ಮೊಳ ಈಚೆ ತಂದರೆ ಒಂದು ಕಡ್ಡಿ. ಟಿವಿ ಇರುವುದು ಕೆಳಗೆ ಜಗಲಿಯಲ್ಲಿ. 2013ರಲ್ಲಿ ತಗೊಂಡ 32 ಇಂಚಿನ ಎಲ್‌ಇಡಿ, ಸ್ಮಾರ್ಟ್ ಅಲ್ಲ. ಎರಡು ಎಚ್‌ಡಿಎಂಐ ಪೋರ್ಟ್ (ಚಿತ್ರ, ಮಾತು ಎರಡೂ ಒಂದೇ ಕೇಬಲ್ಲಿನಲ್ಲಿ ಬರುವ ತೂತು) ಇದ್ದವು, ಒಂದನ್ನು ಸಿಡಿಲು ತಿಂದಿದೆ.

ಅಪ್ಪಯ್ಯನಿಗೆ ಸಂಜೆ ಯಕ್ಷಗಾನ ಬೇಕು. ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಆದರೆ 78 ವರ್ಷದವರನ್ನು ಅಟ್ಟದ ಏಣಿ ಹತ್ತಿಸಿ ಆರು ಇಂಚಿನ ಪರದೆ ತೋರಿಸುವುದು ಹೇಗೆ? ಫೋನ್ ಮೇಲೆ, ಟಿವಿ ಕೆಳಗೆ. ಇದೇ ಸಮಸ್ಯೆ.

"ಹಾಟ್‌ಸ್ಪಾಟ್ ಹಾಕಿ ಸ್ಟಿಕ್ ಚುಚ್ಚು" ಅಂತ ಎಲ್ಲರೂ ಹೇಳಿದರು. ಸ್ಟಿಕ್ ಅಂದರೆ ಹಳೇ ಟಿವಿಗೆ ಚುಚ್ಚಿ ವೈಫೈಯಲ್ಲಿ ಯೂಟ್ಯೂಬ್ ನೋಡುವ ಕಡ್ಡಿ. ಗೆಳೆಯನ ಸ್ಟಿಕ್ ತಂದು ಎರಡು ದಿನ ನೋಡಿದೆ. ನಮ್ಮದು ಹಳೇ ಮನೆ, ಎರಡಡಿ ದಪ್ಪದ ಮಣ್ಣಿನ ಗೋಡೆ. ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಚಕ್ರ ತಿರುಗಲು ಶುರು. ನಿಮ್ಮ ಮನೆಯಲ್ಲಿ ಅದು ಓಡುತ್ತದೆ ಅಂದರೆ ಅದನ್ನೇ ಮಾಡಿ, ಮುಂದೆ ಓದಬೇಡಿ. ನನಗೆ ಕೇಬಲ್ಲೇ ಬೇಕಿತ್ತು. ಅರ್ಧ ಅವಶ್ಯಕತೆ, ಅರ್ಧ ಹಠ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು. ಟೈಪ್-ಸಿಯಿಂದ ಎಚ್‌ಡಿಎಂಐ ಮಾಡುವ ಚಿಕ್ಕ ಅಡಾಪ್ಟರ್, ಸುಮಾರು 900 ರೂಪಾಯಿ. ಚುಚ್ಚಿದೆ. ನೋ ಸಿಗ್ನಲ್. ತಿರುಗಿಸಿ ಚುಚ್ಚಿದೆ. ನೋ ಸಿಗ್ನಲ್. ಅಂಗಡಿಯವನು "ನಿಮ್ಮ ಫೋನ್ ಫಾಲ್ಟ್" ಅಂದ. ಫೋನ್ ಫಾಲ್ಟ್ ಅಲ್ಲ, ಅದರ ಟೈಪ್-ಸಿಯಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಚಾರ್ಜಿಂಗ್ ತೂತಿನಿಂದಲೇ ಚಿತ್ರ ಹೊರಗೆ ಕಳಿಸುವ ಸೌಲಭ್ಯ, ಇಲ್ಲ. 10-15 ಸಾವಿರದ ಫೋನ್‌ಗಳಲ್ಲಿ ಬಹುತೇಕ ಇದೇ ಕತೆ. ಫೋನಿನ ವಿವರದಲ್ಲಿ ಯುಎಸ್‌ಬಿ 2.0 ಅಂತ ಕಂಡರೆ ಆ ಅಡಾಪ್ಟರಿನ ಆಸೆ ಬಿಟ್ಟುಬಿಡಿ. ಹಬ್ಬಕ್ಕೆ ಬಂದ ಭಾವ ಅದೇ ಅಡಾಪ್ಟರನ್ನು ತಮ್ಮ ಗ್ಯಾಲಕ್ಸಿ ಎಸ್ ಸರಣಿಯ ಫೋನಿಗೆ ಚುಚ್ಚಿದರು. ಎರಡು ಸೆಕೆಂಡಿನಲ್ಲಿ ಟಿವಿ ತುಂಬ ಚಿತ್ರ. "ಫೋನ್ ಬದಲಾಯ್ಸು ಮಾರಾಯ" ಅಂದರು. ಅವತ್ತು ಊಟ ಸರಿಯಾಗಿ ಸೇರಲಿಲ್ಲ.

ತಮಾಷೆ ಏನೆಂದರೆ ಹಿಂದೆ ಇದು ಸುಲಭವಿತ್ತು. 2010ರ ನೋಕಿಯಾ ಎನ್8ನಲ್ಲಿ ಮಿನಿ ಎಚ್‌ಡಿಎಂಐ ಪೋರ್ಟೇ ಇತ್ತು. ಆಮೇಲೆ ಮೈಕ್ರೋ ಯುಎಸ್‌ಬಿಯಿಂದಲೇ ಚಿತ್ರ ಕಳಿಸುವ ಎಂಎಚ್‌ಎಲ್ ಬಂತು. 2012ರ ಹೊತ್ತಿಗೆ ನಾನೂ ಒಂದು ಎಂಎಚ್‌ಎಲ್ ಅಡಾಪ್ಟರ್ ಇಟ್ಟುಕೊಂಡು ಮದುವೆ ಮನೆಗಳಲ್ಲಿ ಫೋಟೋ ತೋರಿಸಿ ದೊಡ್ಡ ಮನುಷ್ಯನಾಗಿದ್ದೆ. ಅದು ಈಗಲೂ ಟೂಲ್ ಬಾಕ್ಸಿನಲ್ಲಿದೆ. ಯಾವ ಹೊಸ ಫೋನಿಗೂ ಆಗಲ್ಲ.

ಎರಡನೇ ತಪ್ಪು, ಆನ್‌ಲೈನಿನಲ್ಲಿ ಸಿಗುವ ತ್ರೀ-ಇನ್-ವನ್ ಕೇಬಲ್. "ಎಲ್ಲಾ ಫೋನಿಗೂ ಆಗುತ್ತದೆ" ಅಂತ ಬರೆದಿರುತ್ತಾರಲ್ಲ, ಅದು. 700 ರೂಪಾಯಿ. ಎಲ್ಲಿಂದಲೋ ಒಂದು ಆ್ಯಪ್ ಇಳಿಸಿಕೊಳ್ಳಬೇಕು. ಚಿತ್ರ ಬಂತು, ಸುಳ್ಳು ಹೇಳಲ್ಲ. ಆದರೆ ಚಂಡೆ ಪೆಟ್ಟು ಮೊದಲು, ಕುಣಿತ ಆಮೇಲೆ. ಹತ್ತು ನಿಮಿಷಕ್ಕೆ ಕೇಬಲ್ಲಿನ ತಲೆ ಬಿಸಿಯಾಗಿ ಎಲ್ಲವೂ ಬಂದ್.

ಆಮೇಲೆ ಸಿಕ್ಕಿದ್ದು ಡಿಸ್‌ಪ್ಲೇಲಿಂಕ್. ಈ ಚಿಪ್ ಇರುವ ಅಡಾಪ್ಟರಿಗೆ ಆಲ್ಟ್ ಮೋಡ್ ಬೇಡ, ಒಟಿಜಿ (ಫೋನಿಗೆ ಪೆನ್‌ಡ್ರೈವ್, ಮೌಸ್ ಚುಚ್ಚಲು ಬಿಡುವ ಸೌಲಭ್ಯ) ಇದ್ದರೆ ಸಾಕು. ಫೋನಿಗೆ ಡಿಸ್‌ಪ್ಲೇಲಿಂಕ್ ಪ್ರೆಸೆಂಟರ್ ಆ್ಯಪ್ ಹಾಕಬೇಕು. ಅದು ಪರದೆಯನ್ನು ಹಿಂಡಿ ಚಿಕ್ಕದು ಮಾಡಿ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಫುಲ್ ಎಚ್‌ಡಿ ಚಿತ್ರ ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕು, ಯುಎಸ್‌ಬಿ 2.0ದ ದಾರಿ 480 ಮೆಗಾಬಿಟ್ಟಿನದು. ಹಿಂಡದೆ ವಿಧಿಯಿಲ್ಲ.

ಹೊಸ ಅಡಾಪ್ಟರ್ ನಾಲ್ಕು ಸಾವಿರದ ಹತ್ತಿರ ಹೇಳಿದರು. ನಾನು ತಗೊಳ್ಳಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಆಫೀಸುಗಳವರು ಲ್ಯಾಪ್‌ಟಾಪ್ ಬದಲಾಯಿಸುವಾಗ ಹಳೇ ಡಾಕ್‌ಗಳನ್ನು (ಲ್ಯಾಪ್‌ಟಾಪಿಗೆ ಪರದೆ, ಮೌಸ್ ಎಲ್ಲ ಒಟ್ಟಿಗೆ ಜೋಡಿಸುವ ಪೆಟ್ಟಿಗೆ) ಮೂಟೆಗಟ್ಟಲೆ ಹೊರಗೆ ಹಾಕುತ್ತಾರೆ. ಅದರಲ್ಲಿ ಡಿಸ್‌ಪ್ಲೇಲಿಂಕಿನವು ಬೇಕಾದಷ್ಟು. ಒಂದು ಎಚ್ಚರಿಕೆ: ಟೈಪ್-ಸಿ ಬಾಲ ಇರುವ ಡಾಕ್‌ಗಳಲ್ಲಿ ಹೆಚ್ಚಿನವು ಮತ್ತೆ ಆಲ್ಟ್ ಮೋಡಿನವೇ. ಹಿಂದೆ ಪ್ರಿಂಟರ್ ಪಿನ್ನಿನ ಮೇಲೊಂದು ಟೊಪ್ಪಿ ಇಟ್ಟ ಹಾಗೆ ಚೌಕ ಪೋರ್ಟ್ ಇರುತ್ತಲ್ಲ, ಅಂಥದ್ದು ಹುಡುಕಿ, ಕೆಳಗಿನ ಲೇಬಲ್ಲಿನಲ್ಲಿ ಚಿಪ್ಪಿನ ಹೆಸರು ಓದಿ. ನನಗೆ 1,500ಕ್ಕೆ ಸಿಕ್ಕಿತು. ಅದರ ಚಾರ್ಜರ್ ಇರಲಿಲ್ಲ, ಹಳೇ ಲ್ಯಾಪ್‌ಟಾಪ್ ಚಾರ್ಜರ್ 350. ಯಾವ ಅಂಗಡಿ ಅಂತ ಕೇಳಬೇಡಿ. ಹೇಳಿದರೆ ನಾಳೆ ಅದೇ ಡಾಕ್ ಮೂರು ಸಾವಿರ.

ಟಿವಿ ಪಕ್ಕದಲ್ಲಿ ಕುಳಿತು ಮೊದಲು ಪರೀಕ್ಷೆ ಮಾಡಿದೆ. ಚಿತ್ರ ಬಂತು, ಸ್ವಚ್ಛವಾಗಿ. ಮಾತು ಮಾತ್ರ ಫೋನಲ್ಲೇ ಉಳಿಯಿತು. ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟೆ.

ಈಗ ನಿಜವಾದ ಮೂರ್ಖತನಕ್ಕೆ ಬರೋಣ. ಡಾಕ್ ಟಿವಿ ಹತ್ತಿರ ಇಡಬೇಕು, ಫೋನಿನಿಂದ ಅಲ್ಲಿಗೆ ಯುಎಸ್‌ಬಿ ಎಳೆಯಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಸಿಸಿ ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ಮೌಸ್ ದೂರ ಒಯ್ಯಲು ನಾವೆಲ್ಲ ಬಳಸುವ ಯುಎಸ್‌ಬಿ-ಕ್ಯಾಟ್ ವಯರ್ (ನೆಟ್‌ವರ್ಕ್ ಕೇಬಲ್) ಎಕ್ಸ್‌ಟೆಂಡರ್ ಜೋಡಿ ತಂದೆ, 250 ರೂಪಾಯಿ. 15 ಮೀಟರ್ ಕ್ಯಾಟ್-6 ಹೇಗೂ ಮನೆಯಲ್ಲಿತ್ತು. ಡಾಕ್ ಗುರುತೇ ಸಿಗಲಿಲ್ಲ. ವಯರ್ ಕತ್ತರಿಸಿ 8 ಮೀಟರ್ ಮಾಡಿದೆ. ಗುರುತು ಸಿಕ್ಕಿತು, ಬಿಟ್ಟಿತು, ಸಿಕ್ಕಿತು, ಬಿಟ್ಟಿತು. ಮೂರು ರಾತ್ರಿ ಅಟ್ಟ-ಜಗಲಿ ಓಡಾಟ. ಮೊಣಕಾಲು ಹೋಯಿತು.

ನಾಲ್ಕನೇ ದಿನ ಸಾಗರದಲ್ಲಿ ಒಂದು ಅಂಗಡಿಯ ಡಿವಿಆರ್ ಫಿಟ್ ಮಾಡುತ್ತಿದ್ದೆ. ಡಿವಿಆರ್ ಒಳಗಿನ ಕೋಣೆಯಲ್ಲಿ, ಟಿವಿ ಗಲ್ಲಾ ಪಕ್ಕ. ನಡುವೆ ಉದ್ದ ಎಚ್‌ಡಿಎಂಐ. ಕ್ರಿಂಪಿಂಗ್ ಟೂಲ್ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ದಿನಾ ಮಾಡುವ ಕೆಲಸ ಮನೆಯಲ್ಲಿ ಮಾತ್ರ ಉಲ್ಟಾ ಮಾಡುತ್ತಿದ್ದೆ! ಯುಎಸ್‌ಬಿ ಗಿಡ್ಡ ಇರಲಿ, ಎಚ್‌ಡಿಎಂಐ ಉದ್ದ ಇರಲಿ. ಡಾಕ್ ಅಟ್ಟದಲ್ಲೇ ಫೋನಿನ ಪಕ್ಕ ಕೂರಲಿ. ಇಷ್ಟೇ ವಿಷಯ.

ಇಷ್ಟೇ ಅಂದುಕೊಂಡೆ, ಆದರೆ ಕೇಬಲ್ ನುಂಗಿದ ದುಡ್ಡು ಬೇರೆ. ಮೊದಲು ತೆಳ್ಳಗಿನ 15 ಮೀಟರ್ ಎಚ್‌ಡಿಎಂಐ, 800ಕ್ಕೆ. ಚಿತ್ರದ ತುಂಬ ಬಿಳಿ ಚುಕ್ಕೆ, ಅರಳು ಚೆಲ್ಲಿದ ಹಾಗೆ. ನಿಮಿಷಕ್ಕೊಮ್ಮೆ ಪರದೆ ಕಪ್ಪು. ಆಮೇಲೆ ಎಚ್‌ಡಿಎಂಐಯನ್ನು ಎರಡು ಕ್ಯಾಟ್-6ರಲ್ಲಿ ಒಯ್ಯುವ ಚೀಪ್ ಜೋಡಿ, 600. ಕಡಿಮೆ ಸ್ಪಷ್ಟತೆಯ 720ರಲ್ಲಿ ಹೇಗೋ ಬಂತು, ಫುಲ್ ಎಚ್‌ಡಿಯ 1080 ಬರಲೇ ಇಲ್ಲ. ಕೊನೆಗೆ 1,900 ಕೊಟ್ಟು ಒಳಗೆ ಚಿಪ್ ಇರುವ ದಪ್ಪ ಕೇಬಲ್ ತಂದೆ.

ಅಟ್ಟದಲ್ಲಿ ಇಲಿ ಕಾಟ, ಪೈಪ್ ಬೇಕೇ ಬೇಕು. ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ತಲೆ ಹೋಗಲ್ಲ. ಒಂದೂಕಾಲು ಇಂಚಿನದು ಹಾಕಿದೆ. ತಂಗಿಯ ಮಗ ಮೇಲಿಂದ ಬಿಟ್ಟ, ನಾನು ಕೆಳಗೆ ಎಳೆದೆ. ಒಂದು ಗಂಟೆ ಹಿಡಿಯಿತು. ಕ್ಲಾಂಪ್ ಹೊಡೆದು, ಟಿವಿ ಹಾಕಿದರೆ ನೋ ಸಿಗ್ನಲ್. ಡಾಕ್ ಹಳೇ ಕೇಬಲ್ಲಿಗೆ ಚಿತ್ರ ಕೊಡುತ್ತಿದೆ, ಹೊಸದಕ್ಕೆ ಇಲ್ಲ. ಅರ್ಧ ಗಂಟೆ ಕೇಬಲ್ ಕೊಟ್ಟವನಿಗೆ ಬೈದೆ. ಆಮೇಲೆ ಹುಡುಗ ಟಿವಿ ಹಿಂದೆ ಟಾರ್ಚ್ ಬಿಟ್ಟು, "ಮಾಮ, ಇದರಲ್ಲಿ ಸೋರ್ಸ್ ಅಂತ ಬರ್ದಿದೆ ನೋಡು" ಅಂದ. ಚಿಪ್ ಇರುವ ಉದ್ದ ಕೇಬಲ್ಲಿಗೆ ದಿಕ್ಕು ಇರುತ್ತದೆ. ಸೋರ್ಸ್ ಅಂತ ಇರುವ ತಲೆ ಡಾಕಿಗೆ, ಇನ್ನೊಂದು ಟಿವಿಗೆ. ಹದಿನೈದೂ ಮೀಟರ್ ವಾಪಸ್ ಎಳೆದು, ತಿರುಗಿಸಿ, ಮತ್ತೆ ಬಿಟ್ಟೆವು. ಈ ವಿಷಯ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಐದೂವರೆಗೆ ಚಿತ್ರ ಬಂತು. ಒಂದೇ ಒಂದು ಚುಕ್ಕೆ ಇಲ್ಲ.

ಮಾತು ಇಳಿಸುವುದು ಬಾಕಿ ಇತ್ತು. ಫೋನಿನ ಹೆಡ್‌ಫೋನ್ ತೂತಿನಿಂದ ಹೋಮ್ ಥಿಯೇಟರಿನ ಆಕ್ಸ್‌ಗೆ ಶೀಲ್ಡ್ ಇರುವ ಆಡಿಯೋ ವಯರ್, 300 ರೂಪಾಯಿ. ಕರೆಂಟ್ ವಯರಿನ ಪಕ್ಕದಲ್ಲೇ ಬಿಟ್ಟಿದ್ದಕ್ಕೆ ಭಾಗವತರ ಹಾಡಿನ ಜೊತೆ ಗುಂಯ್ ಅಂತ ಇನ್ನೊಂದು ಶ್ರುತಿ. ಒಂದಡಿ ದೂರ ಸರಿಸಿದೆ, ನಿಂತಿತು.

ಫೋನ್ ಕಂಟ್ರೋಲ್ ಮಾಡುವುದು ಹೇಗೆ? ಇಲ್ಲಿ ಆ 250ರ ಎಕ್ಸ್‌ಟೆಂಡರ್ ಜೋಡಿಗೆ ಮರುಜನ್ಮ. ಡಾಕಿನ ಯುಎಸ್‌ಬಿಗೆ ಅದನ್ನು ಸಿಕ್ಕಿಸಿ, ಕ್ಯಾಟ್-6 ಕೆಳಗಿಳಿಸಿ, ತುದಿಗೆ ವಯರ್ ಮೌಸ್. ಚಿತ್ರ ಹೊರಲಾರದ ವಯರ್ ಮೌಸನ್ನು ಆರಾಮಾಗಿ ಹೊರುತ್ತದೆ. ಬಾಣದ ಗುರುತು ಟಿವಿಯಲ್ಲೇ ಕಾಣುತ್ತದೆ. ಈಗ ಅಟ್ಟದಲ್ಲಿ ಇಟ್ಟಿರುವುದು ಟಚ್ ಅರ್ಧ ಸತ್ತ ನನ್ನ ಹಳೇ ಫೋನ್. ಮೌಸ್ ಇದ್ದ ಮೇಲೆ ಟಚ್ ಯಾಕೆ? ಪರದೆ ಹಂಚಿಕೊಳ್ಳಲೇ ಅಂತ ಪ್ರತಿ ಸಲ ಕೇಳುತ್ತದೆ, ಅದನ್ನೂ ಮೌಸಿನಲ್ಲೇ ಒತ್ತುತ್ತೇನೆ.

ಎರಡು ವಿಷಯ ಇಲ್ಲಿ ಬಿಚ್ಚಿ ಬರೆಯಲ್ಲ. ಒಂದು, ಒಟಿಜಿ ಹಾಕಿದಾಗಲೇ ಫೋನ್ ಚಾರ್ಜ್ ಆಗುವ ತುಂಡು. ಅಂಥವು ಮೂರು ತಂದೆ, ಮೂರನೆಯದು ನನ್ನ ಫೋನಿಗೆ ಹೊಂದಿತು. ಅದಿಲ್ಲದಿದ್ದರೆ ಎರಡೂವರೆ ಗಂಟೆಗೆ ಬ್ಯಾಟರಿ ಖಾಲಿ. ಇನ್ನೊಂದು, ಉದ್ದ ಫೋನಿನ ಚಿತ್ರಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದಲ್ಲ, ಅದನ್ನು ತೆಗೆದು ಟಿವಿ ತುಂಬಿಸುವ ಒಂದು ಸಾಲಿನ ಕಮಾಂಡ್. ಅಂಕಿ ತಪ್ಪಿದರೆ ಫೋನ್ ಕೈಗೆ ಸಿಗಲ್ಲ, ಆಮೇಲೆ ನನಗೆ ಬೈಬೇಡಿ. ಗೊತ್ತಿದ್ದವರಿಗೆ ಗೊತ್ತಾಗಿರುತ್ತದೆ.

ಕೊರತೆಗಳನ್ನೂ ಹೇಳಬೇಕು. ಚಂದಾ ಕಟ್ಟಿ ನೋಡುವ ಆ್ಯಪ್‌ಗಳಲ್ಲಿ ನಾನು ನೋಡಿದವುಗಳಲ್ಲೆಲ್ಲ ಮಾತು ಬಂತು, ಚಿತ್ರ ಕಪ್ಪು. ನಕಲು ತಡೆ ಅದು, ಈ ದಾರಿಯಲ್ಲಿ ದಾಟಲು ಆಗಲ್ಲ. ಕ್ರಿಕೆಟ್ಟಿನಲ್ಲಿ ಚೆಂಡು ಸ್ವಲ್ಪ ತಡವರಿಸುತ್ತದೆ. ಯಕ್ಷಗಾನಕ್ಕೆ ಏನೂ ತೊಂದರೆ ಇಲ್ಲ. 480ಕ್ಕೆ ಇಟ್ಟರೆ ಗಂಟೆಗೆ ಅರ್ಧ ಜಿಬಿ ಆಸುಪಾಸು, ದಿನದ 2 ಜಿಬಿಯಲ್ಲಿ ಒಂದು ಕಾಲಮಿತಿ ಪ್ರಸಂಗ ಮುಗಿಯುತ್ತದೆ. ಗುಡುಗು ಕೇಳಿದ ತಕ್ಷಣ ಟಿವಿ ಕಡೆಯ ಎಚ್‌ಡಿಎಂಐ ಕಿತ್ತು, ಡಾಕಿನ ಪ್ಲಗ್ಗೂ ತೆಗೆಯುತ್ತೇನೆ. ಉಳಿದಿರುವುದು ಒಂದೇ ಪೋರ್ಟ್.

ಸುಮ್ಮನಿರಲಾರದೆ ಚಿಕ್ಕಪ್ಪನ ಮನೆಯ ಡಬ್ಬ ಟಿವಿಗೂ ಡಾಕ್ ಒಯ್ದಿದ್ದೆ. ಎಚ್‌ಡಿಎಂಐಯಿಂದ ಎವಿ ಮಾಡುವ ಕನ್ವರ್ಟರ್, 450. ಚಿತ್ರ ಕಪ್ಪು-ಬಿಳುಪು ಬಂತು. "ಹಳೇ ಸಿನಿಮಾ ತರ ಚಂದ ಇದ್ಯಲ" ಅಂದರು ಚಿಕ್ಕಪ್ಪ. ಕನ್ವರ್ಟರ್ ಮಗ್ಗುಲಲ್ಲಿ ಉಗುರಿನಷ್ಟು ಸ್ವಿಚ್, ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿತ್ತು. ನಮ್ಮ ದೇಶದ ಪದ್ಧತಿ ಪಾಲ್‌ಗೆ ತಳ್ಳಿದೆ, ಬಣ್ಣ ಬಂತು. ಅಕ್ಷರ ಓದಲು ಆಗಲ್ಲ, ವೇಷ ಮಾತ್ರ ಭರ್ಜರಿ.

ಲೆಕ್ಕ ನೆನಪಿನಿಂದ: ಹಾಳಾಗಿದ್ದು ಮೂರು ಸಾವಿರ, ಕೆಲಸಕ್ಕೆ ಬಂದಿದ್ದು ನಾಲ್ಕೂವರೆ ಸಾವಿರ. ಒಟಿಜಿ ತುಂಡುಗಳನ್ನೂ ಪೈಪನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ದಾರಿಯಲ್ಲಿ ನೇರವಾಗಿ ಹೋದರೆ ನಿಮಗೆ ಐದು ಸಾವಿರದೊಳಗೆ ಮುಗಿಯಬೇಕು.

ಆಗಲ್ಲ ಅಂದ ಐವರಲ್ಲಿ ಒಬ್ಬ ಕಳೆದ ವಾರ ಫೋನ್ ಮಾಡಿದ್ದ. ಅವನ ಗಿರಾಕಿಯೊಬ್ಬರಿಗೆ ಇದೇ ಬೇಕಂತೆ, ಡಾಕ್ ಎಲ್ಲಿ ಸಿಗುತ್ತೆ ಅಂತ ಕೇಳಿದ. ನಾನೇ ತರಿಸಿಕೊಡ್ತೀನಿ ಅಂದೆ. ಅಪ್ಪಯ್ಯನಿಗೆ ಮೌಸ್ ಅಭ್ಯಾಸವಾಗಿದೆ. ಒಂದೇ ತಕರಾರು. ಹಳೇ ಫೋನಿನಲ್ಲಿ ನನ್ನ ಎರಡನೇ ಸಿಮ್ ಇದೆ. ಯುದ್ಧದ ಪದ್ಯದ ನಡುವೆ ಗಿರಾಕಿ ಕರೆ ಮಾಡಿದರೆ ರಿಂಗ್ ಹೋಮ್ ಥಿಯೇಟರಿನಲ್ಲಿ ಹೊಡೆಯುತ್ತದೆ, ಹೆಸರು 32 ಇಂಚಿನಲ್ಲಿ ಬರುತ್ತದೆ. ಮೊನ್ನೆ ನಾನು ಏಣಿ ಹತ್ತುವಷ್ಟರಲ್ಲಿ ಅಪ್ಪಯ್ಯ ಮೌಸಿನಲ್ಲಿ ಕೆಂಪು ಗುಂಡಿ ಒತ್ತಿ ಕಟ್ ಮಾಡಿದ್ದರು. ಬಾಕಿ ಕೊಡಬೇಕಾದ ಗಿರಾಕಿ ಅದು, ತಾನಾಗೇ ಫೋನ್ ಮಾಡಿದ್ದ.