ಐದಡಿ ಆರಿಂಚಿನ ಹುಡುಗ ಸ್ಟಾರ್ ಸ್ಕೋರರ್‌ನನ್ನು ಕಟ್ಟಿಹಾಕಿದ್ದು: ನನ್ನ ಅನುಭವ

ಬಾಸ್ಕೆಟ್‌ಬಾಲ್ ಟೂರ್ನಮೆಂಟಿನ ಫೈನಲ್ಲಿನಲ್ಲಿ ಗದಗಿನ ಸ್ಟಾರ್ ಸ್ಕೋರರ್ ಹುಡುಗನನ್ನು 11 ಪಾಯಿಂಟಿಗೆ ನಿಲ್ಲಿಸಿದ್ದು ಹೇಗೆ ಅಂತ ಫೋನ್ ಮೇಲೆ ಫೋನ್ ಬರುತ್ತಿವೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದೇ ಬಿಡೋಣ ಅಂತ ಕೂತೆ. 11 ಅನ್ನೋದು ನಮ್ಮ ಲೆಕ್ಕ, 13 ಅನ್ನೋದು ಅವರ ಲೆಕ್ಕ. ಎಲ್ಲಾ ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಅಂಕಿ ಆಚೀಚೆ ಆದರೆ ಜಗಳಕ್ಕೆ ಬರಬೇಡಿ. ಡಿನೈ ಅಂದರೆ ಚೆಂಡು ಅವನ ಕೈಗೇ ಹೋಗದ ಹಾಗೆ ತಡೆಯೋದು, ಬಾಕ್ಸ್ ಅಂಡ್ ವನ್ ಅಂದರೆ ಒಬ್ಬ ಸ್ಟಾರ್‌ಗೆ ಅಂಟಿಕೊಂಡು ಉಳಿದ ನಾಲ್ವರು ಒಳಗೆ ಚೌಕವಾಗಿ ನಿಂತು ಕಾಯೋದು. ಇದಕ್ಕಿಂತ ಬಿಡಿಸಿ ಹೇಳೋದಿಲ್ಲ. ಓದುವವರೆಲ್ಲ ಕೋರ್ಟಿನಲ್ಲಿ ಮೊಣಕಾಲು ಕೆರೆದುಕೊಂಡವರೇ.

ನಾನು ಹಗಲು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ನೋಡಿಕೊಂಡು, ಸಂಜೆ ಧಾರವಾಡದಲ್ಲಿ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಪ್ರಾಕ್ಟೀಸ್ ಮುಗಿದ ಮೇಲೆ ಸಪ್ತಾಪುರದ ಕಡೆ ಚಹಾ, ಚಹಾ ಜೊತೆ ವಾದ. ದೊಡ್ಡ ಸ್ಕೋರರ್‌ನನ್ನು ಗಟ್ಟಿ ಡಿಫೆಂಡರ್ ತಡೀಬಹುದಾ ಇಲ್ಲವಾ, ವರ್ಷಗಟ್ಟಲೆ ಅದೇ ವಾದ. ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಕಾಕಾ ಇದ್ದಾರೆ, ತಮ್ಮ ಕಾಲದಲ್ಲಿ ಚೆನ್ನಾಗಿ ಆಡಿದವರು. ಅವರದು ಒಂದೇ ಮಾತು. "ತಮ್ಮಾ, ಹೊಡಿಯಾಂವ ಹೊಡದ ಹೊಡಿತಾನ. ಕೋಬಿ 81 ಹೊಡದಾಗ ಟೊರಾಂಟೊದವ್ರು ಏನ್ ಕಣ್ಣು ಮುಚ್ಕೊಂಡು ನಿಂತಿದ್ರೇನು?" ಅಮೆರಿಕದ ಎನ್‌ಬಿಎ ಲೀಗಿನ ಕೋಬಿ ಬ್ರಯಾಂಟ್ ಟೊರಾಂಟೊ ಟೀಮಿನ ಮೇಲೆ 81 ಪಾಯಿಂಟ್ ಹಾಕಿದ್ದು ಅದು. 2006ರ ಜನವರಿಯ ಆ ಆಟದಲ್ಲಿ ಅವನು 46 ಶಾಟ್ ಹೊಡೆದ. ಅಷ್ಟು ಸಲ ಅವನ ಕೈಗೆ ಚೆಂಡು ಹೋಗಲು ಬಿಟ್ಟಿದ್ದೇ ತಪ್ಪು ಅಂತ ನನ್ನ ವಾದ.

ನಾನು ಎತ್ತಿಕೊಳ್ಳುತ್ತಿದ್ದ ಉದಾಹರಣೆ 2015ರ ಎನ್‌ಬಿಎ ಫೈನಲ್ಸ್ ಸರಣಿ. ಎರಡನೇ ಆಟದಲ್ಲಿ ಕ್ಲೀವ್‌ಲ್ಯಾಂಡ್‌ನ ಡೆಲ್ಲವೆಡೋವ ಬೆನ್ನು ಬಿಡದೆ ಅಂಟಿಕೊಂಡ, ವಾರಿಯರ್ಸ್ ಟೀಮಿನ ಸ್ಟಾರ್ ಸ್ಟೀಫನ್ ಕರಿ 23 ಶಾಟ್ ಹೊಡೆದು 5 ಮಾತ್ರ ಹಾಕಿದ. ಕಾಕಾ ಸುಮ್ಮನಿರೋರಲ್ಲ. "ಆಮ್ಯಾಲ ಕಪ್ ಯಾರ ಒಯ್ದ್ರು?" ಕಪ್ ಕರಿಯ ಟೀಮೇ ಒಯ್ದಿತು, 4-2. ಡೆಲ್ಲವೆಡೋವ ಮೂರನೇ ಆಟ ಮುಗಿಸಿ ಸ್ನಾಯು ಸೆಳೆತಕ್ಕೆ ಆಸ್ಪತ್ರೆಗೆ ಹೋದ. ಈ ಆಸ್ಪತ್ರೆ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು, ಯಾಕೆ ಅಂತ ಮುಂದೆ ಬರುತ್ತೆ.

ಈಗ ಗದಗಿನ ಹುಡುಗ. ಆರಡಿ ಎರಡಿಂಚು, ಬಲಗೈ. ಓಡುತ್ತಾ ಥಟ್ಟನೆ ನಿಂತು ಹಾರಿ ಪುಲ್ ಅಪ್ ಹೊಡೆದರೆ ನೆಟ್ ಅಲ್ಲಾಡೋದು ಬಿಟ್ಟರೆ ಸದ್ದೇ ಇಲ್ಲ. ನಮ್ಮ ಕಡೆ ಟೂರ್ನಮೆಂಟುಗಳಲ್ಲಿ ಅವನು 30ರ ಹತ್ತಿರ ಹೋಗೋದು ಮಾಮೂಲಾಗಿತ್ತು. ಮೊದಲು ಅವನ ಮೇಲೆ ನಮ್ಮ ಅತಿ ಎತ್ತರದ ಹುಡುಗನನ್ನು ಹಾಕಿದೆವು, ಎಲ್ಲರೂ ಮಾಡೋದು ಅದೇ ಅಲ್ವಾ. ಶಾಟ್ ಹೊಡೆಯೋ ಹಾಗೆ ನಟಿಸಿದ ಎರಡು ಪಂಪ್ ಫೇಕಿಗೆ ನಮ್ಮವನು ಎರಡು ಸಲ ಮೇಲೆ ಹಾರಿ ಎರಡು ಫೌಲ್ ತಗೊಂಡು ಮೊದಲ ಕ್ವಾರ್ಟರಿನಲ್ಲೇ ಬೆಂಚಿಗೆ ಬಂದ. ಮುಂದಿನ ಸಲ ಇಬ್ಬರನ್ನು ಹಾಕಿದೆವು. ಅವನು ಹೊಡೆಯಲಿಲ್ಲ, ಕೋರ್ಟಿನ ಮೂಲೆಗೆ, ಕಾರ್ನರಿಗೆ, ಪಾಸ್ ಕೊಟ್ಟ. ಅಲ್ಲೊಬ್ಬ ಸಣಕಲು ಹುಡುಗ ಖಾಲಿ ನಿಂತು ಆರೇಳು ತ್ರೀ, ಅಂದರೆ ಮೂರು ಪಾಯಿಂಟಿನ ಶಾಟ್, ಹಾಕಿದ. ಆ ದಿನ ಗದಗದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕಾಕಾ ಮಾತ್ರ ಫೋನ್ ಮಾಡಿ ನಕ್ಕರು.

ಆಮೇಲೆ ಬಂದದ್ದು ಖೊಖೊ ಹುಡುಗ. ಐದಡಿ ಆರಿಂಚು, ಶೂ ಸೇರಿಸಿ. ಶಾಲೆಯಲ್ಲಿ ಖೊಖೊ ಆಡಿ ಬಂದವನು, ಬಾಸ್ಕೆಟ್‌ಬಾಲ್ ಹಿಡಿದು ಎರಡು ವರ್ಷವೂ ಆಗಿರಲಿಲ್ಲ. ರಿಂಗ್ ಹತ್ತಿರ ಓಡಿ ಹೋಗಿ ಹಾಕೋ ಲೇಅಪ್ಪೇ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ಸೊಂಟ ಬಗ್ಗಿಸಿ ಅಡ್ಡಡ್ಡ ಓಡೋದು ನೋಡಿದರೆ ಬೇರೇನೇ. ಇವನನ್ನು ಸ್ಟಾರ್ ಮೇಲೆ ಹಾಕುತ್ತೇನೆ ಅಂದಾಗ ನಮ್ಮ ಹುಡುಗರೇ ನಕ್ಕರು. "ಸರ, ಇಂವಾ ಅವನ ಹೆಗಲಿಗೂ ಬರಂಗಿಲ್ರಿ." ಜೊತೆಗೆ ಕೋಚಿಂಗ್ ಮಾಡುವ ಗೆಳೆಯ ಇನ್ನೂ ಮುಂದೆ ಹೋಗಿ, ಮಕ್ಕಳ ಭವಿಷ್ಯದ ಜೊತೆ ಆಟ ಆಡಬೇಡ ಅಂದ. ಕಾಕಾ ಒಂದು ಕಿಲೋ ಲೈನ್ ಬಜಾರ್ ಪೇಢೆ ಪಂಥ ಕಟ್ಟಿದರು. ನಾನು ಒಪ್ಪಿದೆ.

ನನ್ನ ಲೆಕ್ಕ ಸರಳ. ಎತ್ತರ ಬೇಕಾಗೋದು ಚೆಂಡು ಅವನ ಕೈಗೆ ಬಂದ ಮೇಲೆ. ಬರೋದಕ್ಕೆ ಮುಂಚೆ ಬೇಕಾಗೋದು ಕಾಲು. ಅದಕ್ಕೇ ಪಾಯಿಂಟ್ ಎಣಿಸೋದು ಬಿಟ್ಟು, ಅವನು ಚೆಂಡು ಎಷ್ಟು ಸಲ ಹಿಡಿದ, ಎಲ್ಲಿ ಹಿಡಿದ ಅಂತ ಎಣಿಸಲು ಶುರು ಮಾಡಿದೆ. 600 ರೂಪಾಯಿ ಟ್ರೈಪಾಡ್‌ಗೆ ಫೋನ್ ಸಿಕ್ಕಿಸಿ ಅವನ ಎರಡು ಆಟ ರೆಕಾರ್ಡ್ ಮಾಡಿ, ಅಂಗಡಿ ಮುಚ್ಚಿದ ಮೇಲೆ ಕೂತು ನೋಡಿದೆ. ಒಂದು ಆಟಕ್ಕೆ 30-35 ಸಲ ಹಿಡಿಯುತ್ತಾನೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಬಲ ವಿಂಗಿನಲ್ಲಿ, ಅಂದರೆ ಕೋರ್ಟಿನ ಬಲ ಪಕ್ಕದಲ್ಲಿ, ಕೆಳಗಿಂದ ಸ್ಕ್ರೀನ್ ಬಳಸಿ ಮೇಲೆ ಬಂದಾಗ. ಸ್ಕ್ರೀನ್ ಅಂದರೆ ಅವನ ಜೊತೆಗಾರ ನಮ್ಮ ಡಿಫೆಂಡರ್‌ಗೆ ಅಡ್ಡ ನಿಲ್ಲೋದು. ಹಿಡಿದ ಮೇಲೆ ಬಲಕ್ಕೆ ಒಂದೇ ಡ್ರಿಬಲ್, ಹಾರಿ ಶಾಟ್. ಎಡಕ್ಕೆ ತಳ್ಳಿದರೆ ರಿಂಗ್ ತನಕ ಹೋಗುತ್ತಾನೆ, ಆದರೆ ಎಡಗೈಯಲ್ಲಿ ಮುಗಿಸೋದಿಲ್ಲ. ಚೆಂಡನ್ನು ಮತ್ತೆ ಬಲಗೈಗೆ ತರುತ್ತಾನೆ. ಆ ಅರ್ಧ ಸೆಕೆಂಡು ನಮ್ಮ ದೊಡ್ಡ ಹುಡುಗನಿಗೆ ಸಾಕು.

ಇಲ್ಲಿ ನಮಗೆ ಒಂದು ಅನುಕೂಲ ಇದೆ, ಬಹಳ ಜನ ಇದನ್ನು ಮರೆಯುತ್ತಾರೆ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಕಾಯದೆ ರಿಂಗ್ ಮುಂದಿನ ಬಣ್ಣದ ಜಾಗದಲ್ಲಿ, ಪೇಂಟಿನಲ್ಲಿ, ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ. ನಾವು ಆಡೋ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಲ್ಲಿ ಆ ಕಟ್ಟುಪಾಡೇ ಇಲ್ಲ. ನಮ್ಮ ದೊಡ್ಡವನು ರಿಂಗ್ ಕೆಳಗೆ ಮನೆ ಮಾಡಿಕೊಂಡು ಕೂರಬಹುದು. ಟಿವಿಯಲ್ಲಿ ನೋಡಿದ್ದನ್ನು ಹಾಗೇ ನಕಲು ಹೊಡೆಯೋರು ಈ ಅನುಕೂಲ ಬಿಟ್ಟುಕೊಡುತ್ತಾರೆ.

ಖೊಖೊ ಹುಡುಗನಿಗೆ ಹೇಳಿಕೊಟ್ಟ ನಿಲುವು ಹೀಗೆ. ಚೆಂಡಿಗೆ ಬೆನ್ನು, ಅವನಿಗೆ ಎದೆ. ಮುಂದಿನ ಪಾದ ಅವನ ಎರಡು ಪಾದಗಳ ನಡುವಿನ ಗೆರೆ ಮೇಲೆ. ಒಂದು ಕೈ ಪಾಸ್ ಬರೋ ದಾರಿಯಲ್ಲಿ, ಹೆಬ್ಬೆರಳು ಕೆಳಗೆ, ಅಂಗೈ ಚೆಂಡಿನ ಕಡೆ. ಕಣ್ಣು ಅವನ ಸೊಂಟದ ಮೇಲೆ. ತಲೆ ಮೋಸ ಮಾಡುತ್ತೆ, ಭುಜ ಮೋಸ ಮಾಡುತ್ತೆ, ಸೊಂಟ ಮಾತ್ರ ಹೋಗೋ ಕಡೆಗೇ ಹೋಗುತ್ತೆ. ಇದನ್ನು ನಾನು ಹೇಳುವ ಮುಂಚೆಯೇ ಅವನಿಗೆ ಗೊತ್ತಿತ್ತು. ಅಟ್ಟಿಸಿಕೊಂಡು ಬರುವವನ ಸೊಂಟ ನೋಡಿಯೇ ಅವನು ಇಷ್ಟು ವರ್ಷ ತಪ್ಪಿಸಿಕೊಂಡಿದ್ದು.

ಆದರೆ ಅದೇ ಖೊಖೊ ತಲೆನೋವೂ ಆಯಿತು. ಆ ಆಟದಲ್ಲಿ ಎದುರಿನವನು ಹತ್ತಿರ ಸಿಕ್ಕರೆ ಕೈ ಚಾಚಿ ಮುಟ್ಟೋದೇ ಗುರಿ. ಆ ಚಟ ಇವನ ಕೈಯಿಂದ ಹೋಗಲಿಲ್ಲ. ಮೊದಲ ಆಟದಲ್ಲಿ ಹಾಫ್ ಟೈಮಿಗೆ ನಾಲ್ಕು ಫೌಲ್, ಮೂರನೇ ಕ್ವಾರ್ಟರ್ ಶುರುವಾಗಿ ಸ್ವಲ್ಪ ಹೊತ್ತಿಗೆ ಐದನೆಯದು. ಹೊರಗೆ. ಜೊತೆಗೆ ಟೀಮ್ ಫೌಲ್ ತುಂಬಿ ಎದುರಿನವರಿಗೆ ಬರೀ ಫ್ರೀ ಥ್ರೋ. 20ರ ಮೇಲೆ ಅಂತರದಲ್ಲಿ ಸೋತೆವು. ಗೆಳೆಯ ಬಂದು "ನಾ ಹೇಳಿದ್ನಿಲ್ಲೊ" ಅಂದ.

ಮದ್ದು ಅಗ್ಗದ್ದೇ ಸಿಕ್ಕಿತು. ಎರಡು ಕೈಗೆ ಎರಡು ಹಳೇ ಟೆನಿಸ್ ಬಾಲ್. ಬಾಲ್ ಕೈಯಲ್ಲಿದ್ದರೆ ಹಿಡಿಯಲು ಬರೋದಿಲ್ಲ, ಎಳೆಯಲು ಬರೋದಿಲ್ಲ, ಕಾಲೇ ಕೆಲಸ ಮಾಡಬೇಕು. ಒಂದೂವರೆ ತಿಂಗಳು ಅವನು ಟೆನಿಸ್ ಬಾಲ್ ಇಲ್ಲದೆ ಡಿಫೆನ್ಸ್ ಮಾಡಿದ್ದನ್ನು ನಾನು ನೋಡಲಿಲ್ಲ. ಆಮೇಲೆ ಆಟಕ್ಕೆ ಎರಡು, ಹೆಚ್ಚೆಂದರೆ ಮೂರು ಫೌಲ್.

ನಡುವೆ ಬೇರೆ ಪ್ರಯೋಗಗಳೂ ಆದವು. ಸ್ಕೂಲ್ ಬ್ಯಾಗಿಗೆ ಐದಾರು ಕಿಲೋ ಮರಳು ತುಂಬಿ ಕೆಲಗೇರಿ ಕೆರೆ ಕಡೆ ಓಡಿಸಿದೆ. ಮೊಣಕಾಲು ನೋವು ಬಂತು, ಬಿಟ್ಟೆ. ಇನ್ನೊಂದು ಪ್ರಯೋಗ ಮಾತ್ರ ಬಹಳ ಉಪಯೋಗಕ್ಕೆ ಬಂತು. ಎನ್‌ಬಿಎ ಡಿಫೆಂಡರ್ ಶೇನ್ ಬ್ಯಾಟಿಯೆ ಕೋಬಿ ಮೇಲೆ ಆಡುವಾಗ ಶಾಟ್ ಬ್ಲಾಕ್ ಮಾಡಲು ಹೋಗದೆ, ಬರೀ ಮುಖದ ಮುಂದೆ ಕೈ ಎತ್ತುತ್ತಿದ್ದ. ನಮ್ಮ ಹುಡುಗರ ಮೇಲೇ ನೋಡಿದೆ. ಮುಖದ ಮುಂದೆ ಕೈ ಇಲ್ಲದಿದ್ದರೆ 20 ಶಾಟಿಗೆ 10-11 ಬೀಳುತ್ತವೆ, ಕೈ ಎತ್ತಿದರೆ 6-7. ಐದಡಿ ಆರಿಂಚಿನವನು ನಿಂತಲ್ಲೇ ಕೈ ಎತ್ತಿದರೂ ಏಳಡಿ ಮುಟ್ಟುತ್ತೆ. ಹಾರಿದವನ ಚೆಂಡು ಅದಕ್ಕಿಂತ ಮೇಲಿರುತ್ತೆ, ಆದರೆ ಕಣ್ಣು ಮೇಲಿರೋದಿಲ್ಲ. ಒಂದು ಎಚ್ಚರ ಬೇಕು. ಫಿಬಾ ನಿಯಮದಲ್ಲಿ ಬೇಕಂತಲೇ ಕಣ್ಣಿಗೆ ಅಡ್ಡ ಕೈ ಹಿಡಿದರೆ, ಆಡಿಸಿದರೆ ಟೆಕ್ನಿಕಲ್ ಫೌಲ್. ನಮ್ಮವನಿಗೆ ಒಬ್ಬ ರೆಫ್ರಿ ವಾರ್ನಿಂಗ್ ಕೊಟ್ಟೇಬಿಟ್ಟರು. ಅದಕ್ಕೆ ಕೈ ನೆಟ್ಟಗೆ ಮೇಲೆ, ಚೆಂಡಿನ ಕಡೆಗೆ, ಅದೂ ಶಾಟ್ ಬಿಡೋ ಹೊತ್ತಿಗೆ ಮಾತ್ರ. ಹಾರೋದು ಬಂದ್.

ಬಾಕ್ಸ್ ಅಂಡ್ ವನ್ ಹಾಕುತ್ತೇನೆ ಅಂದಾಗ ಅದು ಶಾಲೆ ಮಕ್ಕಳ ಡಿಫೆನ್ಸ್ ಅಂತ ಮೂಗು ಮುರಿದವರಿದ್ದರು. 2019ರ ಎನ್‌ಬಿಎ ಫೈನಲ್ಸ್ ಎರಡನೇ ಆಟದಲ್ಲಿ ಟೊರಾಂಟೊ ಕೋಚ್ ನಿಕ್ ನರ್ಸ್ ಅದನ್ನೇ ಕರಿ ಮೇಲೆ ಹಾಕಿದರು, ಫ್ರೆಡ್ ವ್ಯಾನ್‌ವ್ಲೀಟ್ ಬೆನ್ನು ಹತ್ತಿದ. ಅವನೂ ಆ ಲೆಕ್ಕದಲ್ಲಿ ಗಿಡ್ಡನೇ. ಕೊನೆಯ ಐದು ನಿಮಿಷ ವಾರಿಯರ್ಸ್‌ಗೆ ಸ್ಕೋರೇ ಬರಲಿಲ್ಲ. ಆದರೂ ಕೊನೆಯ ಕ್ಷಣದಲ್ಲಿ ಅವರ ಇಗುವಾಡಾಲ ಖಾಲಿ ನಿಂತು ತ್ರೀ ಹಾಕಿ ಆಟ ಗೆಲ್ಲಿಸಿಬಿಟ್ಟ. ನಮ್ಮ ಕಾರ್ನರಿನ ಸಣಕಲು ಹುಡುಗನ ಕಥೆಯೇ! ಹಾಗಾಗಿ ನಾನು ಪೂರ್ತಿ ಬಾಕ್ಸ್ ಬಿಟ್ಟು, ಕಾರ್ನರಿನವನ ಮೇಲೂ ಒಬ್ಬನನ್ನು ಅಂಟಿಸಿ, ಉಳಿದ ಮೂವರನ್ನು ಒಳಗೆ ಇಟ್ಟೆ. ಅವರ ಉಳಿದ ಮೂವರು ದೂರದಿಂದ ಹೊಡೆದರೆ ಹೊಡೆಯಲಿ. ಡೆಟ್ರಾಯಿಟ್‌ನವರು 1988, 89, 90ರಲ್ಲಿ ಚಿಕಾಗೊ ಟೀಮಿನ ಜೋರ್ಡನ್‌ನನ್ನು ಕಟ್ಟಿಹಾಕಿದ್ದೂ ಡಿಫೆಂಡರ್ ಡೂಮಾರ್ಸ್ ಒಬ್ಬನಿಂದಲ್ಲ, ಐದೂ ಜನ ಸೇರಿ. "91ರಾಗ 4-0 ಹೊಡಿಸ್ಕೊಂಡ್ರಲ್ಲ" ಅಂತ ಕಾಕಾ ಅಂದೇ ಅನ್ನುತ್ತಾರೆ. ನಿಜ, ಆ ಹೊತ್ತಿಗೆ ಜೋರ್ಡನ್ ಜೊತೆ ಅದೇ ಟೀಮಿನ ಪಿಪ್ಪೆನ್ ಪೂರ್ತಿ ಬೆಳೆದು ನಿಂತಿದ್ದ. ಗದಗಿನವರಲ್ಲಿ ಪಿಪ್ಪೆನ್ ಇರಲಿಲ್ಲ.

ಅತಿ ಹೆಚ್ಚು ಕಾಡಿದ್ದು ಸ್ಕ್ರೀನ್. ಹುಡುಗ ಹಿಂದೆ ಓಡುತ್ತಾ ಹೋಗಿ ಅವರ ದೊಡ್ಡ ಹುಡುಗನ ಎದೆಗೆ ಗುದ್ದಿಕೊಂಡ. ಪಕ್ಕೆಲುಬಿಗೆ ಎಕ್ಸ್‌ರೇ ಆಯಿತು, ಮುರಿದಿರಲಿಲ್ಲ. ಅವನ ಅವ್ವ ನನಗೆ ಸರಿಯಾಗಿ ಬೈದರು. ಆಮೇಲೆ ಸ್ಕ್ರೀನ್ ದಾಟೋದನ್ನೇ ಬಿಟ್ಟೆವು. ಸ್ಕೋರರ್‌ಗೂ ಸ್ಕ್ರೀನಿಗೂ ಮಧ್ಯೆ ಮೊದಲೇ ಹೋಗಿ ನಿಲ್ಲೋದು, ಮೇಲಿನ ದಾರಿ ಪೂರ್ತಿ ಮುಚ್ಚೋದು. ಆಗ ಅವನಿಗೆ ಉಳಿಯೋದು ಕೆಳಗೆ ಬೇಸ್‌ಲೈನ್ ಕಡೆ ಓಡೋದು. ಅಲ್ಲಿ ನಮ್ಮ ದೊಡ್ಡವನು ಕಾಯುತ್ತಿರುತ್ತಾನೆ. ಸ್ಕ್ರೀನ್ ಬರುತ್ತಿದೆ ಅಂತ ಬೆನ್ನು ತಿರುಗಿಸಿದ ಹುಡುಗನಿಗೆ ತಿಳಿಯೋದು ಹೇಗೆ ಅಂತ ಕೇಳುತ್ತೀರಿ. ಅದಕ್ಕೆ ನಮ್ಮಲ್ಲಿ ಒಂದು ಕೂಗು ಇದೆ. ಅದನ್ನು ಬರೆಯೋದಿಲ್ಲ, ಗದಗಿನವರೂ ಓದುತ್ತಾರೆ. ಫ್ರೀ ಥ್ರೋ ಹೊತ್ತಿನಲ್ಲಿ ನಾವು ಮಾಡುವ ಒಂದು ಅದಲುಬದಲು ಇದೆ, ಅದೂ ನನ್ನ ಹತ್ತಿರವೇ ಇರಲಿ.

ಆ ಆಸ್ಪತ್ರೆ ವಿಷಯ ಈಗ. ಒಬ್ಬನೇ 40 ನಿಮಿಷ ಹೀಗೆ ಓಡಿದರೆ ಉಳಿಯೋದಿಲ್ಲ. ಅದಕ್ಕೆ ಇನ್ನೊಬ್ಬ ಹುಡುಗನಿಗೂ ಇದೇ ನಿಲುವು ಕಲಿಸಿದೆ. ಅವನು ಅರ್ಧದಷ್ಟೂ ಚೆನ್ನಾಗಿಲ್ಲ, ಪರವಾಗಿಲ್ಲ. ಪ್ರತಿ ಕ್ವಾರ್ಟರಿನಲ್ಲಿ ಮೂರು ನಿಮಿಷ ಅವನು, ಏಳು ನಿಮಿಷ ಖೊಖೊ ಹುಡುಗ. ನಾಲ್ಕನೇ ಕ್ವಾರ್ಟರಿನಲ್ಲಿ ಸ್ಟಾರ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ, ನಮ್ಮವನು ಇನ್ನೂ ಬಗ್ಗಿಯೇ ಇದ್ದ.

ದುಡ್ಡಿನ ಮಾತು. ಹುಡುಗ ಕ್ಯಾನ್ವಾಸ್ ಶೂನಲ್ಲಿ ಜಾರುತ್ತಿದ್ದ, ಒಳ್ಳೆ ಶೂಗೆ 3,200 ಹೋಯಿತು. ನಿವಿಯಾ ಬಾಲ್ ಎರಡು, ಎಂಟ್ರಿ ಫೀ, ಹುಬ್ಬಳ್ಳಿ-ಗದಗ ಓಡಾಟ, ಎಕ್ಸ್‌ರೇ, ಆಟ ಮುಗಿದ ಮೇಲೆ ಹನ್ನೆರಡು ಹುಡುಗರಿಗೆ ಗಿರಮಿಟ್, ಮಿರ್ಚಿ. ಎಲ್ಲಾ ಸೇರಿ 16-17 ಸಾವಿರ. ಹತ್ತು ನನ್ನ ಜೇಬಿನಿಂದ, ಉಳಿದದ್ದು ಹಳೇ ಆಟಗಾರರ ವಂತಿಗೆ. ಒಬ್ಬ ಪರಿಚಯದವರು ಜರ್ಸಿ ಕೊಡಿಸುತ್ತೇನೆ ಅಂತ ಹೇಳಿ ಫೋನ್ ಎತ್ತೋದೇ ಬಿಟ್ಟರು. ಬಹುಮಾನ 10 ಸಾವಿರ ಬಂತು, ಹುಡುಗರಿಗೆ ಹಂಚಿದೆ. ಒಟ್ಟಿನಲ್ಲಿ ನನಗೆ ಲಾಸೇ. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ.

ಫೈನಲ್ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ. ಮೊದಲ ಕ್ವಾರ್ಟರಿನಲ್ಲಿ ಅವನು ಚೆಂಡು ಹಿಡಿದಿದ್ದೇ ಮೂರೋ ನಾಲ್ಕೋ ಸಲ, ಬಲ ವಿಂಗಿನಲ್ಲಿ ಒಂದೇ ಸಲ. ಎರಡನೇ ಕ್ವಾರ್ಟರಿನಲ್ಲಿ ಸಿಟ್ಟಿಗೆದ್ದು ಅರ್ಧ ಕೋರ್ಟಿನ ಹತ್ತಿರ ಬಂದು ಚೆಂಡು ಈಸಿಕೊಳ್ಳಲು ಶುರು ಮಾಡಿದ. ಅಲ್ಲಿಂದ ರಿಂಗ್ ಎಷ್ಟು ದೂರ ನೋಡಿ! ಇಡೀ ಆಟದಲ್ಲಿ 18-20 ಶಾಟ್ ಹೊಡೆದು ನಾಲ್ಕೈದು ಹಾಕಿದ. ನಾವು ಒಂಬತ್ತು ಪಾಯಿಂಟಿಂದ ಗೆದ್ದೆವು. ಖೊಖೊ ಹುಡುಗನ ಸ್ಕೋರ್ ಎರಡು. ಬೆಸ್ಟ್ ಪ್ಲೇಯರ್ ಕಪ್ಪನ್ನು ನಮ್ಮ ಕಡೆ ಜಾಸ್ತಿ ಪಾಯಿಂಟ್ ಹಾಕಿದವನಿಗೇ ಕೊಟ್ಟರು, ಅದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. 2015ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟಾರ್ ಲೆಬ್ರಾನ್‌ನನ್ನು ಕಾದಿದ್ದಕ್ಕೇ ಮುಖ್ಯವಾಗಿ ಇಗುವಾಡಾಲನಿಗೆ ಫೈನಲ್ಸ್ ಎಂವಿಪಿ, ಅಂದರೆ ಬೆಸ್ಟ್ ಪ್ಲೇಯರ್ ಪ್ರಶಸ್ತಿ, ಸಿಕ್ಕಿತ್ತು ಅಂತ ಆಯೋಜಕರಿಗೆ ಹೇಳಿದೆ. ಅವರು ತಲೆ ಆಡಿಸಿ ಚಹಾ ಕೊಟ್ಟರು.

ಕಾಕಾ ಪೇಢೆ ತಂದರು, ಅರ್ಧ ಕಿಲೋ. ಗದಗಿನ ಹುಡುಗನಿಗೆ ಅವತ್ತು ಜ್ವರ ಇತ್ತಂತೆ, ಅದಕ್ಕೆ ಅರ್ಧ.

ಗದಗಿನವರು ಸುಮ್ಮನಿಲ್ಲ. ಅವನನ್ನೇ ಪಾಯಿಂಟ್ ಗಾರ್ಡ್ ಮಾಡಿ ಚೆಂಡು ಅವನೇ ತರೋ ಹಾಗೆ ಮಾಡುತ್ತಿದ್ದಾರೆ ಅಂತ ಸುದ್ದಿ. ಹಾಗಾದರೆ ಡಿನೈ ಮಾಡಲು ಏನೂ ಉಳಿಯೋದಿಲ್ಲ, ಪೂರ್ತಿ ಕೋರ್ಟಿನಲ್ಲೇ ಹಿಡಿಯಬೇಕು, ಎರಡನೇ ಹುಡುಗನ ಕಾಲು ಗಟ್ಟಿಯಾಗಬೇಕು. ಅದರ ಜೊತೆಗೆ ಹಾವೇರಿ ಟೀಮಿನಲ್ಲಿ ಒಬ್ಬ ಎಡಗೈ ಸ್ಕೋರರ್ ಬಂದಿದ್ದಾನೆ. ಈ ಪಾದ, ಆ ಕೈ, ದೊಡ್ಡವನು ಕಾಯೋ ಜಾಗ, ಎಲ್ಲಾ ಉಲ್ಟಾ ಮಾಡಿ ಕಲಿಸುತ್ತಿದ್ದೇನೆ. ಅವನ ಆಟದ ವಿಡಿಯೋ ಯಾರ ಹತ್ತಿರ ಆದರೂ ಇದ್ದರೆ ಕಳಿಸಿ, ಪೇಢೆ ಪೂರ್ತಿ ಒಂದು ಕಿಲೋ ಕೊಡುತ್ತೇನೆ.