ಬೊನ್ಸಾಯ್ ಪಕ್ಕದ ಹುಲ್ಲು: ಒಮಿಯಾದಲ್ಲಿ ನಾನು ಕುಸಾಮೊನೊ ಕಲಿತ ಬಗೆ

ಕೆಲಸದ ನಿಮಿತ್ತ ಜಪಾನಿನ ಸೈತಾಮಾಕ್ಕೆ ಬಂದ ನನಗೆ ಬಾಡಿಗೆ ಮನೆ ಸಿಕ್ಕಿದ್ದು ಒಮಿಯಾದ ಬೊನ್ಸಾಯ್ ಹಳ್ಳಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ. 1923ರ ಕಾಂಟೊ ಭೂಕಂಪದ ನಂತರ ಟೋಕಿಯೊದ ಬೊನ್ಸಾಯ್ ಬೆಳೆಗಾರರು ಒಳ್ಳೆಯ ನೀರನ್ನೂ ವಿಶಾಲವಾದ ಜಾಗವನ್ನೂ ಅರಸಿ ಬಂದು 1925ರಲ್ಲಿ ಕಟ್ಟಿಕೊಂಡ ಬಡಾವಣೆ ಅದು. ಅಲ್ಲಿಯ ತೋಟವೊಂದರಲ್ಲಿ ಹಳೆಯ ಪೈನ್ ಮರದ ಪಕ್ಕಕ್ಕೆ, ಅಂಗೈ ಅಗಲದ ತಟ್ಟೆಯಲ್ಲಿ, ತುದಿ ಕೆಂಪಗಾದ ಹುಲ್ಲೊಂದನ್ನು ಇಟ್ಟಿದ್ದರು. ಬಗ್ಗಿ ನೋಡಿದರೆ ದರ್ಭೆ. ಜಪಾನಿಯರು ಚಿಗಯಾ ಎನ್ನುವ ಈ ಹುಲ್ಲು ನಮ್ಮಲ್ಲಿ ದರ್ಭೆಯೆಂದು ಬಳಸುವ ಹುಲ್ಲುಗಳಲ್ಲೊಂದು. ಅಲ್ಲಿದ್ದದ್ದು ಅದರ ಕೆಂಪು ಬಗೆ. ಪವಿತ್ರ ಕಟ್ಟುವ ಹುಲ್ಲನ್ನು ಹೀಗೆ ಕೂರಿಸಿ ನೋಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಜಪಾನಿ ಮಾತಿನಲ್ಲಿ ಕುಸಾ ಎಂದರೆ ಹುಲ್ಲು ಅಥವಾ ಸಣ್ಣ ಗಿಡ, ಮೊನೊ ಎಂದರೆ ವಸ್ತು. ಹೀಗೆ ತಟ್ಟೆಯಲ್ಲೋ ಕುಂಡದಲ್ಲೋ ನೋಟಕ್ಕೆಂದು ನೆಟ್ಟ ಹುಲ್ಲು, ಸಣ್ಣ ಗಿಡಗಳೇ ಕುಸಾಮೊನೊ. ಇದೇ ನೆಡುವಿಕೆ ಬೊನ್ಸಾಯ್ ಜೊತೆಗೆ ಪ್ರದರ್ಶನಕ್ಕೆ ಬಂದಾಗ ಶಿತಾಕುಸಾ, ಅಂದರೆ ಕೆಳಗಿನ ಹುಲ್ಲು, ಎನ್ನಿಸಿಕೊಳ್ಳುತ್ತದೆ. ತೊಕೊನೊಮಾ ಎಂಬ ಗೋಡೆಯ ಗೂಡಿನಲ್ಲಿ ಚಿತ್ರಪಟ, ಮರ, ಹುಲ್ಲು ಮೂರನ್ನೂ ಇಡುವಾಗ, ಈಗ ಯಾವ ಋತು, ಈ ಮರ ಬೆಟ್ಟದ್ದೋ ಜೌಗಿನದ್ದೋ ಎಂಬುದನ್ನು ಸೂಚಿಸುವ ಕೆಲಸ ಹುಲ್ಲಿನದು. ಆದ್ದರಿಂದ ಅದು ಮರಕ್ಕಿಂತ ಹೆಚ್ಚು ಕಣ್ಣು ಸೆಳೆಯಬಾರದು.

ನನ್ನ ಮೊದಲ ಪ್ರಯತ್ನ ಕೆಟ್ಟದ್ದು ನನ್ನ ಅಕ್ಕರೆಯಿಂದಲೇ. ಕುಂಡದ ಗಿಡಗಳಿಗೆಂದು ಮಾರುವ ಫಲವತ್ತಾದ ಮಣ್ಣನ್ನು ತುಂಬಿ, ಹದಿನೈದು ದಿನಕ್ಕೊಮ್ಮೆ ದ್ರವಗೊಬ್ಬರ ಹಾಕಿದೆ. ಹುಲ್ಲು ಮೊಣಕಾಲೆತ್ತರ ಬೆಳೆದು, ಮಳೆಗೆ ಮಲಗಿ, ಗದ್ದೆಯ ಬದುವಿನಿಂದ ಕಿತ್ತು ತಂದ ಕಳೆಯಂತೆ ಕಾಣತೊಡಗಿತು. ಕುಸಾಮೊನೊ ಕಲಿಸುವ ಹಿರಿಯರೊಬ್ಬರ ಬಳಿಗೆ ಅದನ್ನು ಒಯ್ದಾಗ ಅವರು ನಕ್ಕು, "ತುಂಬ ಚೆನ್ನಾಗಿ ಊಟ ಹಾಕಿದ್ದೀರಿ" ಎಂದಷ್ಟೇ ಹೇಳಿದರು. ಬೇರಿಗೆ ಜಾಗವೂ ಆಹಾರವೂ ಕಡಿಮೆಯಾದಾಗಲೇ ಎಲೆ ಗಿಡ್ಡವಾಗುತ್ತದೆ, ಕಾಂಡ ಸಣ್ಣದಾಗುತ್ತದೆ. ಹಾಗಾಗಿ ನೆಟ್ಟ ವರ್ಷ ಚೆಂದ ಕಾಣುವ ಕುಸಾಮೊನೊವನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಎರಡನೆಯ ಸಲ ಕುಂಡವನ್ನೇ ಬಿಟ್ಟು, ಚಪ್ಪಟೆ ತಟ್ಟೆಯ ಮೇಲೆ ಮಣ್ಣಿನ ದಿಬ್ಬ ಕಟ್ಟಿದೆ. ಇದಕ್ಕೆ ಬೇಕಾದದ್ದು ಕೆತೊ ಎಂಬ ಮಣ್ಣು. ಜೌಗಿನ ಜೊಂಡು ಹುಲ್ಲುಗಳು ನೀರಿನಡಿಯಲ್ಲಿ ಬಹುಕಾಲ ಕೊಳೆತು ಆದ ಕಪ್ಪು, ಅಂಟು ಮಣ್ಣದು. ಏಳು ಪಾಲು ಕೆತೊಗೆ ಮೂರು ಪಾಲು ಅಕದಾಮಾ ಎಂಬ ಕೆಂಗಂದು ಹರಳುಮಣ್ಣಿನ ಸಣ್ಣ ಕಾಳು ಸೇರಿಸಿ, ಸ್ವಲ್ಪಸ್ವಲ್ಪವೇ ನೀರು ಚಿಮುಕಿಸುತ್ತ ನಾದಬೇಕು. ಹದ ಕಿವಿಹಾಲೆಯಷ್ಟು ಮೃದುವಾಗಿರಬೇಕೆಂದು ಅವರು ಹೇಳುತ್ತಿದ್ದರು. ನನ್ನ ಕೈಗೆ ಅದು ಚಪಾತಿ ಹಿಟ್ಟಿನ ಹದವೆಂದು ಗೊತ್ತಾಯಿತು. ಹೋಳಿಗೆಯ ಕಣಕದಷ್ಟು ಸಡಿಲವಾದರೆ ದಿಬ್ಬ ರಾತ್ರಿ ಕಳೆಯುವುದರೊಳಗೆ ಕುಸಿಯುತ್ತದೆ. ನಾದಿದ್ದನ್ನು ಮುಷ್ಟಿಯಲ್ಲಿ ಹಿಸುಕಿದಾಗ ಬೆರಳ ಸಂದಿನಿಂದ ನೀರು ಹೊರಬರಬಾರದು, ಬಿಟ್ಟ ಮೇಲೆ ಬೆರಳಚ್ಚು ಸೀಳದೆ ಹಾಗೆಯೇ ಉಳಿಯಬೇಕು. ದರ್ಭೆಯ ಹಳೆಯ ಮಣ್ಣನ್ನು ಕಡ್ಡಿಯಿಂದ ಬಿಡಿಸಿ, ಉದ್ದ ಬೇರುಗಳನ್ನು ಕತ್ತರಿಸಿ, ನಟ್ಟನಡುವೆ ಅಲ್ಲದೆ ಸ್ವಲ್ಪ ಹಿಂದಕ್ಕೂ ಬಲಕ್ಕೂ ಸರಿಸಿ ಕೂರಿಸಿದೆ. ಅದರ ಬುಡಕ್ಕೆ ಒಂದೇ ಒಂದು ಕಾಡು ನೇರಳೆಹೂವಿನ ಗಿಡ, ಸುಮಿರೆ, ಇಟ್ಟೆ. ಮೂರನೆಯ ಗಿಡ ಸೇರಿಸುವ ಆಸೆಯಾಗಿತ್ತು, ಸೇರಿಸಲಿಲ್ಲ.

ಹಾವಸೆಯ ಕೆಲಸ ಬೇರೆಯೇ. ಅದಕ್ಕೆ ನಿಜವಾದ ಬೇರಿಲ್ಲ, ನೀರನ್ನು ಬಹುಮಟ್ಟಿಗೆ ಎಲೆಗಳಿಂದಲೇ ಹೀರುತ್ತದೆ. ಮಾರುಕಟ್ಟೆಯಲ್ಲಿ ಯಾಮಾಗೊಕೆ ಎಂದು ಸಿಗುವ, ಒಣಗಿದರೆ ಬೆಳ್ಳಗಾಗುವ ಮೆತ್ತೆಯಂಥ ಹಾವಸೆಯನ್ನು ತಂದು, ಅಡಿಯ ಕಂದುಭಾಗವನ್ನು ಕತ್ತರಿಯಿಂದ ತೆಳ್ಳಗೆ ಮಾಡಿ, ಸಣ್ಣ ತುಂಡುಗಳನ್ನು ಒದ್ದೆ ಕೆತೊ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ. ಮೊದಲ ಸಲ ಮೆಲ್ಲಗೆ ಇಟ್ಟಿದ್ದರಿಂದ ಅಡಿಯಲ್ಲಿ ಗಾಳಿ ಉಳಿದು ಎಲ್ಲವೂ ಕಂದಾಗಿತ್ತು. ಈ ಸಲ ಕಪ್ಪು ಹತ್ತಿದಾರವನ್ನು ನಾಲ್ಕಾರು ಸುತ್ತು ಸುತ್ತಿದೆ. ಹಾವಸೆ ಹಿಡಿದುಕೊಳ್ಳುವ ಹೊತ್ತಿಗೆ ದಾರ ಕೊಳೆತು ಹೋಯಿತು. ಏಪ್ರಿಲ್‌ನಲ್ಲಿ ಷಿಜೂಕಾರಾ ಎಂಬ ಪುಟ್ಟ ಹಕ್ಕಿ ಗೂಡಿಗೆಂದು ಹಾವಸೆಯನ್ನು ಕಿತ್ತೊಯ್ಯುತ್ತದೆ. ಮೇಲೊಂದು ಬಲೆ ಹಾಸುವುದಲ್ಲದೆ ನನಗೆ ಬೇರೆ ಉಪಾಯ ಸಿಕ್ಕಿಲ್ಲ.

ಜೂನ್‌ ತಿಂಗಳಿನಿಂದ ಜುಲೈ ನಡುವಿನವರೆಗಿನ ತ್ಸುಯು ಮಳೆಗಾಲದಲ್ಲಿ ತಟ್ಟೆಯಲ್ಲಿ ನೀರು ನಿಲ್ಲದಂತೆ ಒಂದು ಅಂಚನ್ನು ಎತ್ತಿಡುತ್ತೇನೆ, ಆಗಸ್ಟ್‌ನ ಸುಡುಬಿಸಿಲಿನಲ್ಲಿ ಬೆಳಿಗ್ಗೆ ಮತ್ತು ಸಂಜೆ ನೀರು ಹಾಕಿ ಮಧ್ಯಾಹ್ನ ನೆರಳಿಗೆ ಸರಿಸುತ್ತೇನೆ, ಫೆಬ್ರವರಿಯಲ್ಲಿ ಒಣಗಿದ ಎಲೆಗಳನ್ನು ಬುಡದವರೆಗೆ ಕತ್ತರಿಸುತ್ತೇನೆ. ಗೊಬ್ಬರವೆಂದರೆ ವಸಂತದಲ್ಲಿ ಒಮ್ಮೆ, ತೀರ ತೆಳುವಾಗಿ. ಮೂರು ವರ್ಷದಲ್ಲಿ ದರ್ಭೆ ಗೇಣುದ್ದಕ್ಕೆ ಇಳಿದಿದೆ. ಕೆತೊ ಮಳೆಗೆ ಕರಗುತ್ತ ಬಂದಿದ್ದರೂ ದಿಬ್ಬ ಕುಸಿದಿಲ್ಲ, ಏಕೆಂದರೆ ಈಗ ಅದನ್ನು ಹಿಡಿದಿರುವುದು ಹೆಣೆದುಕೊಂಡ ಬೇರುಗಳೇ. ಹೀಗೆ ಬೇರೇ ಆಕಾರವಾಗಿ ನಿಂತದ್ದನ್ನು ಜಪಾನಿಯರು ನೆಅರಾಯಿ ಎನ್ನುತ್ತಾರೆ. ನನ್ನಲ್ಲಿ ಬೊನ್ಸಾಯ್ ಇಲ್ಲವಾದ್ದರಿಂದ ಇದು ಶಿತಾಕುಸಾ ಆಗುವ ಸಂಭವವೂ ಇಲ್ಲ. ಅಕ್ಟೋಬರ್‌ನಲ್ಲಿ ತುದಿ ಕೆಂಪಾದಾಗ ಬರಿಯ ಮರದ ಹಲಗೆಯೊಂದರ ಮೇಲೆ ಒಂಟಿಯಾಗಿಯೇ ಇಡುತ್ತೇನೆ. ಮುಂದಿನ ತಟ್ಟೆಗೆ ಸೆಕಿಶೋ ತಂದಿದ್ದೇನೆ. ಅದು ನಮ್ಮ ಬಜೆಯ ಹತ್ತಿರದ ಸಂಬಂಧಿ, ಎಲೆ ಹಿಚುಕಿದರೆ ವಾಸನೆಯೂ ಅದರ ನೆನಪು ತರುತ್ತದೆ.